ಗುಡಿಯ ಹಿಂಭಾಗದ ಕಚೇರಿ

ನಾನು ಪಾಠ ಹೇಳುವ ಕಾಲೇಜು ಬೆಂಗಳೂರು ನಗರದ ಮೂಡಣ ಅಂಚಿನಲ್ಲಿ, ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿದೆ. ಈಗ ಆ ದಾರಿಯ ಇಕ್ಕೆಲಗಳಲ್ಲಿಯೂ ಗಾಜಿನ ಹೊದಿಕೆಯ ಎತ್ತರದ ಕಟ್ಟಡಗಳು. ಅವುಗಳೊಳಗೆ ಹಗಲಿರುಳೆನ್ನದೆ ಕಂಪ್ಯೂಟರುಗಳ ಮುಂದೆ ದುಡಿಯುವ ಯುವಕ ಯುವತಿಯರು. ಆದರೆ ಈ ಊರು ಹುಟ್ಟಿಕೊಂಡುದು ಬೇರೆಯೇ ಒಂದು ಪ್ರಶ್ನೆಯಿಂದ. 1882ರಲ್ಲಿ ಮೈಸೂರಿನ ಶ್ರೀ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರಿಗೆ ಬೇಸಾಯ ಮಾಡಿಕೊಂಡು ನೆಲೆಸುವುದಕ್ಕೆಂದು ಇಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಂಘದ ಮುಂದಾಳಾದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಮೈಬಣ್ಣವನ್ನು ನೋಡಿ ಮನುಷ್ಯನಿಗೆ ಉದ್ಯೋಗವನ್ನೂ ಗೌರವವನ್ನೂ ಗೊತ್ತುಮಾಡುತ್ತಿದ್ದ ಕಾಲ ಅದು. ಬಿಳಿಯರಲ್ಲಿ ಬಿಳಿಯರಾಗಿ ಸಲ್ಲದೆ, ಈ ನಾಡಿನವರಲ್ಲಿ ಈ ನಾಡಿನವರಾಗಿಯೂ ಸಲ್ಲದೆ ನಡುವೆ ನಿಂತಿದ್ದ ಜನಕ್ಕೆ ಕಾಲೂರಲು ಒಂದು ನೆಲ ಬೇಕಾಗಿದ್ದಿತು. ನಮ್ಮ ವಿದ್ಯಾರ್ಥಿಗಳು ದಿನವೂ ಬಸ್ಸಿನಿಂದಿಳಿಯುವ ಊರಿನ ಹೆಸರಿನೊಳಗೆ ಇಷ್ಟು ಚರಿತ್ರೆ ಅಡಗಿದೆಯೆಂದು ಅವರಿಗೆ ಗೊತ್ತಿರುವುದಿಲ್ಲ; ಆದುದರಿಂದ ವರ್ಷಕ್ಕೊಮ್ಮೆಯಾದರೂ ನಾನು ಅದನ್ನು ಹೇಳುತ್ತೇನೆ.

ಹಾಗೆ ಹೇಳುತ್ತಿದ್ದ ಒಂದು ದಿನ, ವರ್ಣಭೇದದ ಮಾತು ಬಂದು, ಅಮೆರಿಕದ ನೀಗ್ರೋ ಗಾಯಕಿ ಎಂದು ಹಿಂದಿನವರು ಬರೆಯುತ್ತಿದ್ದ, ಈಗ ನಾವು ಕಪ್ಪು ಜನಾಂಗದ ಗಾಯಕಿ ಎಂದು ಹೇಳುವ ಮೇರಿಯನ್ ಆಂಡರ್‌ಸನ್ ಅವರ ಕಥೆಯನ್ನು ತೆಗೆದೆನು. ಪಾಠ ಮುಗಿದ ಮೇಲೆ ಹುಡುಗನೊಬ್ಬನು ಎದ್ದು ನಿಂತನು. ಅವನು ಊರಿನ ಇನ್ನೊಂದು ತುದಿಯಾದ ಪೀಣ್ಯದಿಂದ ದಿನವೂ ಬರುವವನು. ತಂದೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಲೇತು ನಡೆಸುತ್ತಾರೆ. “ಸಾರ್, ನಮ್ಮ ತಾತ ವಾಲಗ ಊದುತ್ತಿದ್ದರು. ಮದುವೆಮನೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದುದು ಅವರೇ; ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುತ್ತಿದ್ದುದೂ ಅವರೇ. ಅದನ್ನು ಹೇಳುವುದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು ಸಾರ್?” ಎಂದನು. ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಈ ಭಾಷಣ ಒಂದು ರೀತಿಯಲ್ಲಿ ಆ ಹುಡುಗನಿಗೆ ನಾನು ಸಲ್ಲಿಸಬೇಕಾದ ಬಾಕಿ.

ವರ್ಣಭೇದವೂ ಜಾತಿಭೇದವೂ ಒಂದೇ ಎಂದು ನಾನು ವಾದಿಸುವುದಿಲ್ಲ. ಒಂದು ಚರ್ಮವನ್ನು ನೋಡುತ್ತದೆ, ಇನ್ನೊಂದು ಹುಟ್ಟಿದ ಮನೆಯನ್ನು ಕೇಳುತ್ತದೆ. ಒಂದಕ್ಕೆ ಗುಲಾಮಗಿರಿಯ ಚರಿತ್ರೆ ಇದೆ, ಇನ್ನೊಂದಕ್ಕೆ ಶಾಸ್ತ್ರದ ಅಭಯ. ಆದರೆ ಸಂಗೀತ ಕಚೇರಿಯ ಮಟ್ಟಿಗೆ ಎರಡರ ನಡವಳಿಕೆಯೂ ವಿಚಿತ್ರವಾಗಿ ಒಂದನ್ನೊಂದು ಹೋಲುತ್ತದೆ. ಕಿವಿ ಒಪ್ಪಿದ ಮನುಷ್ಯನನ್ನು ಕಣ್ಣು ಒಪ್ಪುವುದಿಲ್ಲ. ಹಾಡು ಬೇಕು, ಹಾಡುವವರು ಮಾತ್ರ ಒಳಗೆ ಬರಬಾರದು. ನಾವು ಕಚೇರಿಯನ್ನು ರಾಗ ತಾಳಗಳ ವ್ಯವಹಾರವೆಂದು ಭಾವಿಸುತ್ತೇವೆ. ಅದು ಕುಳಿತುಕೊಳ್ಳುವ ವ್ಯವಸ್ಥೆಯೂ ಹೌದು. ವೇದಿಕೆಯ ನಡುವೆ ಯಾರು, ಪಕ್ಕದಲ್ಲಿ ಯಾರು, ನಿಂತಿರುವವರು ಯಾರು, ಅಂಗಳದಲ್ಲಿಯೇ ಉಳಿದವರು ಯಾರು: ಇದನ್ನು ಬದಲಾಯಿಸಿದವರು, ಒಂದು ಘೋಷಣೆಯನ್ನೂ ಕೂಗದೆ, ನ್ಯಾಯಕ್ಕಾಗಿ ಹೋರಾಡಿದವರೇ ಸರಿ.

ಮೊದಲು ಅಮೆರಿಕದ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮೇರಿಯನ್ ಆಂಡರ್‌ಸನ್ 1897ರಲ್ಲಿ ಫಿಲಡೆಲ್ಫಿಯಾ ನಗರದ ಬಡ ಮನೆಯಲ್ಲಿ ಹುಟ್ಟಿದಾಕೆ. ಆಕೆಯ ಕಂಠವನ್ನು ಬೆಳೆಸಿದುದು ಇಗರ್ಜಿಯ ಮೇಳ. ಸಂಗೀತಶಾಲೆಯೊಂದು ಆಕೆಯ ಬಣ್ಣವನ್ನು ನೋಡಿಯೇ ಹಿಂದಕ್ಕೆ ಕಳುಹಿಸಿದ್ದಿತು. 1930ರ ದಶಕದಲ್ಲಿ ಯೂರೋಪಿನ ರಾಜಧಾನಿಗಳು ಆಕೆಯ ಗಾನಕ್ಕೆ ಮಾರುಹೋದುವು. ಸ್ವದೇಶಕ್ಕೆ ಹಿಂದಿರುಗಿದ ಮೇಲೂ ಹೋಟೆಲುಗಳಲ್ಲಿ ಕೊಠಡಿ ದೊರೆಯುವುದು ಕಷ್ಟವಾಗಿದ್ದಿತು. 1937ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕಚೇರಿ ಮಾಡಹೋದಾಗ ಹೋಟೆಲಿನವರು ಇಲ್ಲವೆನ್ನಲು, ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಮನೆಯಲ್ಲಿ ಆಕೆಗೆ ಆತಿಥ್ಯ ನೀಡಿದರು. 1939ರಲ್ಲಿ ವಾಷಿಂಗ್‌ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನಲ್ಲಿ ಆಕೆಯ ಗಾಯನ ಏರ್ಪಡಿಸಬೇಕೆಂದು ಹೊವಾರ್ಡ್ ವಿಶ್ವವಿದ್ಯಾನಿಲಯದವರು ಕೇಳಿದರು. ಆ ಸಭಾಂಗಣದ ಒಡೆತನ ‘ಅಮೆರಿಕದ ಕ್ರಾಂತಿಯ ಪುತ್ರಿಯರು’ ಎಂಬ ಮಹಿಳಾ ಸಂಘದ್ದು. ಬಿಳಿಯ ಕಲಾವಿದರಿಗೆ ಮಾತ್ರ ಎಂಬ ಕರಾರು ಅವರಲ್ಲಿ ಇದ್ದಿತು, ಇಲ್ಲವೆಂದರು. ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. ಸರಕಾರದ ಮಂತ್ರಿಗಳಲ್ಲೊಬ್ಬರಾದ ಹೆರಾಲ್ಡ್ ಇಕೀಸ್ ಲಿಂಕನ್ನರ ಸ್ಮಾರಕದ ಮೆಟ್ಟಿಲುಗಳನ್ನು ಬಿಟ್ಟುಕೊಟ್ಟರು.

1939ನೆಯ ಏಪ್ರಿಲ್ 9, ಈಸ್ಟರ್ ಭಾನುವಾರ. ಕಪ್ಪು ಬಿಳುಪಿನ ಭೇದವಿಲ್ಲದೆ ಸುಮಾರು 75,000 ಜನ ಬಯಲಿನಲ್ಲಿ ಸೇರಿದ್ದರು. ಆಕೆ ದೇಶದ ಗೀತವನ್ನು ಹಾಡಿದಳು, ಶೂಬರ್ಟನನ್ನು ಹಾಡಿದಳು, ತನ್ನ ಜನರ ಭಕ್ತಿಗೀತಗಳನ್ನು ಹಾಡಿದಳು. ಭಾಷಣ ಮಾಡಲಿಲ್ಲ. ರೇಡಿಯೋ ಆ ಕಂಠವನ್ನು ದೇಶದ ಮನೆಮನೆಗೂ ಒಯ್ದಿತು. ಬಾಗಿಲು ಮುಚ್ಚಿದ್ದ ಆ ಹಾಲಿನೊಳಕ್ಕೆ ನಾಲ್ಕು ವರ್ಷಗಳ ಅನಂತರ, 1943ರಲ್ಲಿ, ಯುದ್ಧ ಪರಿಹಾರದ ಕಚೇರಿಗಾಗಿ ಆಕೆಯೇ ಹೋಗಿ ಹಾಡಿದಳು. 1955ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ರಂಗವನ್ನು ಏರಿದ ಮೊದಲ ಕಪ್ಪು ಗಾಯಕಿಯೂ ಆಕೆಯೇ. 1957ರಲ್ಲಿ ಏಷ್ಯದಲ್ಲಿ ಸಂಚರಿಸುವಾಗ ಭಾರತಕ್ಕೂ ಬಂದಿದ್ದಳು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅದೇ ಮೆಟ್ಟಿಲುಗಳ ಮೇಲೆ ಮಾತನಾಡಿದ ದಿನವೂ ಅಲ್ಲಿ ಹಾಡಿದಳು.

ಅದೇ 1939ರಲ್ಲಿ ನಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಶ್ರೀರಾಮಸೇವಾ ಮಂಡಲಿಯನ್ನು ಪ್ರಾರಂಭಿಸಿದರು. ಮುಂದೆ ಕೋಟೆ ಹೈಸ್ಕೂಲಿನ ಬಯಲಿನಲ್ಲಿ ಅದರ ಚಪ್ಪರ ಏಳುತ್ತ ಬಂದಿತು. ಚೀಟಿ ಕೊಳ್ಳಲಾರದವರೂ ಬೀದಿಯಲ್ಲಿ ನಿಂತು, ಗೋಡೆಗೊರಗಿ, ರಾಮನವಮಿಯ ಸಂಗೀತವನ್ನು ಕೇಳಿದರು. ಕೇಳುವವರ ಜಾಗ ಹೀಗೆ ಬಯಲಾಯಿತು. ಹಾಡುವವರ ಜಾಗದ ಮಾತು ಬೇರೆ. ಅದಕ್ಕಾಗಿ ಮೊದಲು ಹೋರಾಡಿದಾಕೆ ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತು, ಕಾವೇರಿ ಹರಿದ ದಾರಿಯಲ್ಲಿಯೇ ಹೋಗಿ ತಂಜಾವೂರು ಸೀಮೆಯಲ್ಲಿ ಮಣ್ಣಾದ ಒಬ್ಬ ದೇವದಾಸಿ. ಆಂಡರ್‌ಸನ್ ಲಿಂಕನ್ನರ ಮೆಟ್ಟಿಲೇರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಆಕೆಯ ಕೆಲಸ ಅರ್ಧ ಮುಗಿದಿದ್ದಿತು.

ಬೆಂಗಳೂರು ನಾಗರತ್ನಮ್ಮನವರು ಹುಟ್ಟಿದುದು 1878ರ ನವೆಂಬರಿನಲ್ಲಿ. ತಾಯಿ ಪುಟ್ಟಲಕ್ಷ್ಮಿ, ತಂದೆ ಮೈಸೂರಿನಲ್ಲಿ ವಕೀಲರಾಗಿದ್ದ ಸುಬ್ಬರಾಯರು. ತಂದೆ ಕೈಬಿಟ್ಟರು. ತಾಯಿ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದು ಗಿರಿಭಟ್ಟರ ತಮ್ಮಯ್ಯನವರ ಆಶ್ರಯ ಹಿಡಿದರು. ಹುಡುಗಿ ಅವರಲ್ಲಿ ಸಂಸ್ಕೃತವನ್ನೂ ಸಂಗೀತವನ್ನೂ ಕಲಿತಳು. ಆ ಆಶ್ರಯವೂ ಕೆಲವೇ ವರ್ಷಗಳಲ್ಲಿ ತಪ್ಪಿತು. ಬಳಿಕ ಬೆಂಗಳೂರು, ಅಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಶಿಕ್ಷಣ ಮುಂದುವರಿಯಿತು. ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲಿಯೂ ಆಕೆಗೆ ಪರಿಶ್ರಮವಿದ್ದಿತು. ಹದಿನಾಲ್ಕು ಹದಿನೈದರ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಆ ಹುಡುಗಿ ಮೈಸೂರಿನ ಅರಮನೆಯಲ್ಲಿ ಹಾಡಿದಳು, ಬೆಂಗಳೂರಿನಲ್ಲಿ ಹೆಸರು ಗಳಿಸಿದಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿಗೆ ಹೋಗಿ ನೆಲೆಸಿದಳು. ಈಗ ಹನುಮಂತನಗರದಲ್ಲಿ ನರಹರಿರಾಯನ ಗುಡ್ಡವೆಂದು ಜನ ಕರೆಯುವ ಬೆಟ್ಟವಿದೆಯಷ್ಟೆ; ಅದಕ್ಕೆ ಹೆಸರಾದ ನ್ಯಾಯಾಧೀಶ ನರಹರಿರಾಯರು ಆಕೆಯ ಬೆಂಗಳೂರಿನ ಪೋಷಕರಾಗಿದ್ದರು. ಬೆಟ್ಟ ಹತ್ತುವವರಿಗೆ ಈ ಸಂಗತಿ ತಿಳಿದಿರುವುದು ಅಪರೂಪ.

ಮದರಾಸಿನಲ್ಲಿ ಆಕೆಯ ಮೊದಲ ಜಗಳ ಸಂಗೀತಕ್ಕಾಗಿ ಅಲ್ಲ, ಪುಸ್ತಕಕ್ಕಾಗಿ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ದೇವದಾಸಿ ಕವಯಿತ್ರಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರ ಕಾವ್ಯವನ್ನು ರಚಿಸಿದ್ದಳು. ಅಚ್ಚಾಗಿದ್ದ ಪ್ರತಿಯಲ್ಲಿ ಕವಯಿತ್ರಿ ತನ್ನ ವಂಶದ ಹೆಂಗಸರನ್ನು ಕುರಿತು ಹೇಳಿಕೊಂಡ ಭಾಗವನ್ನೂ ಕೆಲವು ಪದ್ಯಗಳನ್ನೂ ಬಿಟ್ಟುಬಿಟ್ಟಿದ್ದರು. ನಾಗರತ್ನಮ್ಮನವರು ಮೂಲವನ್ನು ಹುಡುಕಿ ತಂದು 1910ರಲ್ಲಿ ಪೂರ್ಣವಾಗಿ ಮುದ್ರಿಸಿದರು. ಆಂಧ್ರದ ಮಹಾಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು, ಹೆಂಗಸಿನ ಬಾಯಲ್ಲಿ ಬರಬಾರದ ಮಾತು ಇದರಲ್ಲಿವೆ ಎಂದು ಆ ಕಾವ್ಯವನ್ನು ಹಳಿದಿದ್ದರು. ಲಜ್ಜೆ ಎಂಬುದು ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಉಂಟೋ ಎಂದು ಈಕೆ ಕೇಳಿದರು. ಇದಕ್ಕಿಂತ ಹೆಚ್ಚಿನ ಶೃಂಗಾರವಿರುವ ಗಂಡಸರ ಕಾವ್ಯಗಳನ್ನು ಅವರೇ ಒಪ್ಪಿ ಪ್ರಕಟಣೆಗೆ ತಂದಿರುವುದನ್ನು ಬೆರಳಿಟ್ಟು ತೋರಿಸಿದರು. 1911ರಲ್ಲಿ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಆ ನಿಷೇಧವನ್ನು ತೆಗೆದುದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ. ನಾಗರತ್ನಮ್ಮನವರು ಆಗ ಎಪ್ಪತ್ತರ ಸಮೀಪದಲ್ಲಿದ್ದರು. ಮೂವತ್ತಾರು ವರ್ಷ!

ಇನ್ನು ತಿರುವೈಯಾರು. ತ್ಯಾಗರಾಜಸ್ವಾಮಿಗಳು 1847ರ ಜನವರಿಯಲ್ಲಿ, ಪುಷ್ಯ ಬಹುಳ ಪಂಚಮಿಯಂದು, ಅಲ್ಲಿ ದೇಹ ಬಿಟ್ಟರು. ಕಾವೇರಿಯ ದಡದಲ್ಲಿ ಸಮಾಧಿಯಾಯಿತು, ಶಿಷ್ಯರು ಚೆದರಿದರು, ಗಿಡಗಂಟಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ವಾಂಸರು ವರ್ಷವರ್ಷವೂ ಆರಾಧನೆ ನಡೆಸುವ ಪದ್ಧತಿ ಹುಟ್ಟಿತು. ಹುಟ್ಟಿದ ಕೆಲವೇ ವರ್ಷಗಳಲ್ಲಿ ಅವರು ‘ಪೆರಿಯ ಕಚ್ಚಿ’ ‘ಚಿನ್ನ ಕಚ್ಚಿ’ ಎಂದು ಎರಡು ಪಂಗಡವಾದರು. ಕಚ್ಚಿ ಎಂದರೆ ತಮಿಳಿನಲ್ಲಿ ಪಕ್ಷ. ಒಂದು ಪಕ್ಷದವರು ಮಾಡಿದುದನ್ನು ಇನ್ನೊಂದು ಪಕ್ಷದವರು ಒಪ್ಪುತ್ತಿರಲಿಲ್ಲ. ಊಟ ಯಾರು ಹಾಕಬೇಕು, ಯಾವ ದಿನ ಯಾರದ್ದು ಎಂಬಿತ್ಯಾದಿ ವ್ಯಾಜ್ಯಗಳು ಬೆಳೆದುವು. ಈ ಗದ್ದಲದಲ್ಲಿ ಸಮಾಧಿಯ ಮೇಲೊಂದು ಸೂರು ಕಟ್ಟಬೇಕೆಂಬುದು ಯಾರಿಗೂ ತೋರಲಿಲ್ಲ. ಇದನ್ನು ನೋಡಿ ನೊಂದವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ಅವರು ಮುನಿಸ್ವಾಮಪ್ಪನವರಿಗೆ ತಿಳಿಸಿದರು. ಮುನಿಸ್ವಾಮಪ್ಪನವರು ಮದರಾಸಿನಲ್ಲಿದ್ದ ಶಿಷ್ಯೆಗೆ ಕಾಗದ ಬರೆದರು. ಹೀಗೆ ಆ ಕೆಲಸದ ಮೊದಲ ಪ್ರೇರಣೆ ಹೊರಟುದು ನಮ್ಮ ಮೈಸೂರು ಸೀಮೆಯಿಂದ. ಕೃಷ್ಣಪ್ಪನವರು ಎಂಥವರೆಂದರೆ, ತಿರುಮಕೂಡಲು ನರಸೀಪುರದ ಒಕ್ಕಲಿಗ ಮನೆತನದ ಹುಡುಗನೊಬ್ಬನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ಗುರುಕುಲದ ಕಠಿನ ಶಿಕ್ಷಣ ಕೊಟ್ಟು, ಪಿಟೀಲು ಚೌಡಯ್ಯನವರನ್ನಾಗಿ ಮಾಡಿ ನಾಡಿಗೆ ಒಪ್ಪಿಸಿದವರು.

1921ರಲ್ಲಿ ನಾಗರತ್ನಮ್ಮನವರು ತಿರುವೈಯಾರಿಗೆ ಹೋಗಿ ಸಮಾಧಿಯ ನೆಲವನ್ನು ಪಡೆದುಕೊಂಡರು. ಹಾಡಿ ಗಳಿಸಿದ ಹಣದಿಂದ ಗುಡಿ ಕಟ್ಟಿಸಿದರು. 1925ರ ಜನವರಿಯಲ್ಲಿ ಪ್ರತಿಷ್ಠೆಯಾಯಿತು. ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಾಗಿದ್ದಿತು. ಜಾಗ ಆಕೆಯದು, ಗೋಡೆ ಆಕೆಯದು, ದೀಪದ ಎಣ್ಣೆ ಆಕೆಯದು. ಆದರೆ ಆರಾಧನೆಯ ದಿನ ಆ ಗುಡಿಯ ಮುಂದೆ ಹರಿಕಥೆ ಮಾಡುತ್ತೇನೆಂದು ಆಕೆ ಕೇಳಿದಾಗ, ಹೆಂಗಸರು ಇಲ್ಲಿ ಹಾಡತಕ್ಕದ್ದಲ್ಲ ಎಂಬ ಉತ್ತರ ಬಂದಿತು. ಹೆಂಗಸರು ಎಂದರೆ ಅಂದಿನ ಅರ್ಥದಲ್ಲಿ ದೇವದಾಸಿಯರೇ. ಗೃಹಸ್ಥ ಮನೆತನದ ಹೆಣ್ಣುಮಕ್ಕಳು ಸಭೆಯಲ್ಲಿ ಹಾಡುತ್ತಲೇ ಇರಲಿಲ್ಲ. ಎಷ್ಟೋ ವಿಷಯಗಳಲ್ಲಿ ಒಬ್ಬರನ್ನೊಬ್ಬರು ಒಪ್ಪದಿದ್ದ ಆ ಎರಡು ಪಕ್ಷಗಳೂ ಇದೊಂದರಲ್ಲಿ ಒಮ್ಮತದಿಂದಿದ್ದುವು.

ಇದರಲ್ಲಿ ನನಗೆ ಬಹಳ ವಿಚಾರ ಮಾಡಬೇಕೆನ್ನಿಸುವ ಅಂಶ ಒಂದಿದೆ. ವಾಷಿಂಗ್‌ಟನ್ನಿನ ‘ಪುತ್ರಿಯರು’ ಹಾಲು ತಮ್ಮದು ಎಂಬ ಆಧಾರದ ಮೇಲೆ ಆಂಡರ್‌ಸನ್ನರಿಗೆ ಬಾಗಿಲು ಮುಚ್ಚಿದರು. ಅನ್ಯಾಯವಾದರೂ ಅದರಲ್ಲಿ ಸ್ವತ್ತಿನ ತರ್ಕವೊಂದಿದೆ. ತಿರುವೈಯಾರಿನಲ್ಲಿ ಸ್ವತ್ತಿನ ಒಡತಿಗೇ ಬಾಗಿಲು ಮುಚ್ಚಿದರು. ನೆಲವನ್ನು ಕೊಂಡರೂ ಕುಳಿತುಕೊಳ್ಳುವ ಹಕ್ಕು ಬರಲಿಲ್ಲ! ಕ್ರಯಪತ್ರಕ್ಕಿಂತ ಹಳೆಯದಾದ ಯಾವುದೋ ಒಂದು ಪತ್ರ, ಯಾರೂ ಬರೆಯದೆಯೇ, ಎಲ್ಲರಿಗೂ ತಿಳಿದಿದ್ದಿತು.

ಆಕೆ ನ್ಯಾಯಾಲಯಕ್ಕೆ ಓಡಿ ಆರಾಧನೆಯನ್ನು ನಿಲ್ಲಿಸಬಹುದಾಗಿದ್ದಿತು. ಗುಡಿಗೆ ಬೀಗ ಹಾಕಬಹುದಾಗಿದ್ದಿತು. ಎರಡನ್ನೂ ಮಾಡಲಿಲ್ಲ. ತನ್ನಂಥ ಹೆಂಗಸರನ್ನೆಲ್ಲ ಕೂಡಿಸಿದರು. ಮುಂಭಾಗದಲ್ಲಿ ಗಂಡಸರ ಆರಾಧನೆ ನಡೆಯುತ್ತಿದ್ದಾಗ ಗುಡಿಯ ಹಿಂಭಾಗದಲ್ಲಿ ಹೆಂಗಸರ ಕಚೇರಿ ಪ್ರಾರಂಭವಾಯಿತು. ಜನ ಅದಕ್ಕೆ ‘ಪೆಣ್‌ಗಳ್ ಕಚ್ಚಿ’, ಹೆಂಗಸರ ಪಕ್ಷ, ಎಂದು ಹೆಸರಿಟ್ಟರು. ವರ್ಷ ಬಂತು, ವರ್ಷ ಹೋಯಿತು. ಪಂಚಮಿ ಬಂದಾಗಲೆಲ್ಲ ಮುಂದೆ ಗಂಡಸರ ಗಾಯನ, ಹಿಂದೆ ಹೆಂಗಸರ ಗಾಯನ. ನಡುವೆ ಕಲ್ಲಿನ ಸಮಾಧಿ. ಕೇಳುವವರು ಎರಡು ಕಡೆಗೂ ಓಡಾಡಿದರು. ಕೇಳುವವರು ಓಡಾಡಿದುದೇ ಜಯಕ್ಕೆ ಕಾರಣವೆಂದು ನನ್ನ ಊಹೆ. ಹಿಂದೆ ಒಳ್ಳೆಯ ಸಂಗೀತವಿರುವಾಗ ಮುಂದಿನವರು ಎಷ್ಟು ದಿನ ಬಿಗುವಾಗಿ ಕುಳಿತಿರುವುದು? 1940ರ ಸುಮಾರಿಗೆ ಮೂರು ಪಕ್ಷಗಳೂ ಒಂದಾದುವು. ಆರಾಧನೆ ಒಂದೇ ಆಯಿತು. ಹೆಂಗಸರು ಮುಂದೆ ಬಂದು ಕುಳಿತರು. ನಾಗರತ್ನಮ್ಮನವರಿಗೆ ಆಗ ಅರವತ್ತು ಕಳೆದಿದ್ದಿತು.

ಇದೇ ಕಾಲದಲ್ಲಿ ಹೊರಗೆ ಉಳಿದಿದ್ದವರು ಇನ್ನೊಂದು ಜನ. ನಮ್ಮ ಪೀಣ್ಯದ ಹುಡುಗನ ತಾತನವರು. ನಾಗಸ್ವರವಿಲ್ಲದೆ ದೇವರ ಉತ್ಸವ ಹೊರಡುವುದಿಲ್ಲ, ಮಾಂಗಲ್ಯಧಾರಣೆಯಾಗುವುದಿಲ್ಲ. ಆದರೂ ನಾಗಸ್ವರದವರು ನಿಂತೇ ನುಡಿಸಬೇಕು, ಮೈಮೇಲೆ ಅಂಗಿ ಇರಬಾರದು ಎಂಬ ಕಟ್ಟು ದಕ್ಷಿಣದಲ್ಲೆಲ್ಲ ಇದ್ದಿತು. ಇದನ್ನು ಮುರಿದವರು ತಿರುವಾವಡುದುರೈ ರಾಜರತ್ನಂ ಪಿಳ್ಳೆಯವರು. ಅವರು ಕೋಟು ಹಾಕಿಕೊಂಡರು. ತಂಬೂರಿಯ ಶ್ರುತಿಯಿಟ್ಟುಕೊಂಡು, ಗಾಯಕರಂತೆಯೇ ವೇದಿಕೆಯ ಮೇಲೆ ಕುಳಿತು ಕಚೇರಿ ಮಾಡಿದರು. ಅವರ ತೋಡಿ ರಾಗವನ್ನು ಕೇಳಿದ ಮೇಲೆ ಎದ್ದು ನಿಲ್ಲಿರೆಂದು ಹೇಳುವ ಧೈರ್ಯ ಯಾರಿಗೂ ಉಳಿದಿರಲಾರದು.

ಇಲ್ಲೊಂದು ವಿನೋದವನ್ನು ಗಮನಿಸಬಹುದು. ಪಿಟೀಲು ಯೂರೋಪಿನ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿಯನ್ನರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಹೊಂದಿಸಿದರು. ಸಮುದ್ರ ದಾಟಿ ಬಂದ ಆ ವಾದ್ಯ ಕೆಲವೇ ಕಾಲದಲ್ಲಿ ಗಾಯಕರ ಬಲಗೈಯಾಗಿ ವೇದಿಕೆಯ ಮೇಲೆ ಕುಳಿತುಬಿಟ್ಟಿತು. ಅದರ ಗೋತ್ರವನ್ನು ಯಾರೂ ಕೇಳಲಿಲ್ಲ. ಇಲ್ಲಿಯೇ ಹುಟ್ಟಿದ ನಾಗಸ್ವರ ಬಾಗಿಲಲ್ಲಿ ನಿಂತಿದ್ದಿತು. 1960ರ ದಶಕದಲ್ಲಿ ಅಮೆರಿಕದ ಬಿಳಿಯ ವಿದ್ಯಾರ್ಥಿ ಜಾನ್ ಹಿಗಿನ್ಸ್ ಬಂದು ನಮ್ಮ ಸಂಗೀತವನ್ನು ಶ್ರದ್ಧೆಯಿಂದ ಕಲಿತು ತಿರುವೈಯಾರಿನ ಆರಾಧನೆಯಲ್ಲಿ ಹಾಡಿದರು. ರಸಿಕರು ‘ಭಾಗವತರು’ ಎಂದು ಬಿರುದನ್ನೇ ಕೊಟ್ಟರು. ಕೊಡತಕ್ಕದ್ದೇ, ನನಗೆ ಅದರಲ್ಲಿ ಅಸಮಾಧಾನವಿಲ್ಲ. ಗುಡಿ ಕಟ್ಟಿಸಿದಾಕೆ ಅದೇ ಜಾಗಕ್ಕೆ ಬರಲು ಎಷ್ಟು ವರ್ಷ ಹಿಡಿಯಿತೆಂಬುದನ್ನು ಮಾತ್ರ ಪಕ್ಕದಲ್ಲಿಟ್ಟು ನೋಡಬೇಕು.

ನಾಗರತ್ನಮ್ಮನವರ ಜಯ ಪೂರ್ಣ ಜಯವಾಗಿದ್ದಿತೇ? ಚರಿತ್ರೆಯ ಮೇಷ್ಟರಾಗಿ ನಾನು ಇಲ್ಲಿ ಸ್ವಲ್ಪ ಅಪ್ರಿಯವಾದ ಮಾತನ್ನು ಆಡಬೇಕು. ಆಕೆಯ ಹುಟ್ಟೂರಿನ ಶ್ರೀಕಂಠೇಶ್ವರ ದೇವಾಲಯ ಮೈಸೂರಿನ ಮುಜರಾಯಿ ಇಲಾಖೆಗೆ ಸೇರಿದುದು. 1909ರಲ್ಲಿ ಮೈಸೂರು ಸರಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸುವ ಆಜ್ಞೆ ಹೊರಡಿಸಿತು. ಉದ್ದೇಶ ಸುಧಾರಣೆ. ಚಿಕ್ಕ ಹುಡುಗಿಯರನ್ನು ಗೆಜ್ಜೆಪೂಜೆಯ ಹೆಸರಿನಲ್ಲಿ ಮಾರುವ ಕ್ರೌರ್ಯವನ್ನು ಯಾವ ಸಭ್ಯ ಮನುಷ್ಯನೂ ಸಮರ್ಥಿಸಲಾರನು. ಆದರೆ ಆ ಆಜ್ಞೆಯಿಂದ ಹಾಡಿ ಕುಣಿದು ಜೀವಿಸುತ್ತಿದ್ದ ಹೆಂಗಸರ ಉಂಬಳಿಯೂ ಮಾನವೂ ಒಟ್ಟಿಗೆ ಹೋದುವು. ಆ ಸೇವೆಗೆ ಪ್ರತಿಯಾಗಿ ಬದುಕುವ ಬೇರೆ ದಾರಿಯನ್ನು ತೋರಿಸುವುದು ಅಷ್ಟು ಬೇಗ ಆಗಲಿಲ್ಲ. ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಇದೇ ಸುಧಾರಣೆಯನ್ನು ಶಾಸನಸಭೆಯಲ್ಲಿ ತಂದಾಗ ನಾಗರತ್ನಮ್ಮನವರು ಅದನ್ನು ವಿರೋಧಿಸಿ ಮನವಿ ಸಲ್ಲಿಸಿದವರ ಮುಂಚೂಣಿಯಲ್ಲಿದ್ದರು. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಕುಲದವರೇ. ಇಬ್ಬರು ಹೆಂಗಸರು, ಒಂದೇ ನೋವು. ಒಬ್ಬರು ಆ ಮನೆಯನ್ನೇ ಕೆಡವಬೇಕೆಂದರು, ಇನ್ನೊಬ್ಬರು ಒಳಗಿರುವವರನ್ನು ಬೀದಿಗೆ ನೂಕಬೇಡಿರೆಂದರು. ಶಾಸನ 1947ರಲ್ಲಿ ಜಾರಿಗೆ ಬಂದಿತು. ನನ್ನ ಮಟ್ಟಿಗೆ, ಶಾಸನ ಬೇಕಾಗಿದ್ದಿತು. ಆದರೆ ನಾಗರತ್ನಮ್ಮನವರ ಭಯವೂ ಸುಳ್ಳಾಗಲಿಲ್ಲ. ಅವರು ಬಿಡಿಸಿಕೊಟ್ಟ ಜಾಗದಲ್ಲಿ ಮುಂದಿನ ದಶಕಗಳಲ್ಲಿ ಬಂದು ಕುಳಿತವರಲ್ಲಿ ಹೆಚ್ಚಿನವರು ಮೇಲುಜಾತಿಯ ಗೃಹಸ್ಥ ಮನೆತನಗಳ ಹೆಣ್ಣುಮಕ್ಕಳು. ಅವರು ಬಂದುದು ಸಂತೋಷವೇ. ಜಾಗಕ್ಕಾಗಿ ಹೋರಾಡಿದ ಕುಲದ ಹೆಣ್ಣುಮಕ್ಕಳು ಮಾತ್ರ ವಿರಳವಾಗುತ್ತ ಬಂದರು. ಮಧುರೆಯ ವೀಣಾ ಷಣ್ಮುಖವಡಿವು ಅವರ ಮಗಳಾದ ಎಂ. ಎಸ್. ಸುಬ್ಬುಲಕ್ಷ್ಮಿಯವರು ದೊಡ್ಡ ಅಪವಾದ. 1968ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನು ಕೊಟ್ಟಿತು. ಒಬ್ಬ ಹೆಂಗಸು ಆ ಬಿರುದನ್ನು ಪಡೆದುದು ಅದೇ ಮೊದಲು.

ಬಾನುಲಿಯಲ್ಲಿ ಮಾತನಾಡುವವನು ಬಾನುಲಿಯ ವಿಷಯವನ್ನೂ ಮುಚ್ಚಿಡಬಾರದು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದಾಗ ಈ ಯಂತ್ರದಲ್ಲಿ ಒಂದು ದೊಡ್ಡ ಆಶ್ವಾಸನೆಯಿದ್ದಿತು. ಇಲ್ಲಿ ಕುಳಿತುಕೊಳ್ಳುವ ಜಾಗದ ಪ್ರಶ್ನೆ ಇಲ್ಲ. ಹಾಡುವವರ ಜಾತಿ ಕೇಳುವವರಿಗೆ ಕಾಣುವುದಿಲ್ಲ. ಕೇಳುವವರ ಜಾತಿ ಹಾಡುವವರಿಗೂ ಕಾಣುವುದಿಲ್ಲ. ಲಿಂಕನ್ ಸ್ಮಾರಕದ ಗಾನವನ್ನು ಬಿಳಿಯ ಮನೆಗಳೊಳಗೆ ನುಗ್ಗಿಸಿದುದೂ ಇದೇ ಯಂತ್ರ. ಆದರೂ 1946ರಲ್ಲಿ ಭಾರತ ಸರಕಾರದ ಪ್ರಸಾರ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಸರ್ದಾರ್ ಪಟೇಲರು, ಯಾರ ಖಾಸಗಿ ಜೀವನ ಸಾರ್ವಜನಿಕ ಅಪವಾದಕ್ಕ ಗುರಿಯಾಗಿದೆಯೋ ಅಂಥವರಿಗೆ ರೇಡಿಯೋದಲ್ಲಿ ಅವಕಾಶ ಕೊಡಬಾರದೆಂಬ ನಿಯಮ ಮಾಡಿಸಿದರು. ಅದರ ಪೆಟ್ಟು ಬಿದ್ದುದು ಮುಖ್ಯವಾಗಿ ಉತ್ತರದ ತವಾಯಫರ ಮೇಲೆ, ತಲೆತಲಾಂತರದಿಂದ ಹಿಂದೂಸ್ತಾನಿ ಸಂಗೀತವನ್ನು ಕಾಪಾಡಿಕೊಂಡು ಬಂದ ಹೆಂಗಸರ ಮೇಲೆ. ದೊಡ್ಡವರ ದೊಡ್ಡ ಕೆಲಸಗಳ ನಡುವೆ ಇಂಥವೂ ಇರುತ್ತವೆ.

ಇತ್ತೀಚಿನ ಸಂಗತಿಯೊಂದನ್ನು ಹೇಳಬೇಕು. 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಗಾಯಕ ಟಿ. ಎಂ. ಕೃಷ್ಣ ಅವರು ಮದರಾಸಿನ ಮೀನುಗಾರರ ಕೇರಿಯಾದ ಊರೂರು ಆಲ್ಕಾಟ್ ಕುಪ್ಪದಲ್ಲಿ ಸಂಗೀತೋತ್ಸವ ನಡೆಯುವಂತೆ ಶ್ರಮಿಸಿದವರಲ್ಲೊಬ್ಬರು. ನಮ್ಮ ಉತ್ತರ ಕರ್ನಾಟಕದ ಜೋಗಪ್ಪಗಳೊಂದಿಗೂ ಅವರು ಒಂದೇ ವೇದಿಕೆಯಲ್ಲಿ ಕುಳಿತು ಹಾಡಿದ್ದಾರೆ. ಬೆಂಗಳೂರಿನಲ್ಲಿಯೂ ಅಂಥ ಕಚೇರಿ ನಡೆದಿದೆ. ಜೋಗಪ್ಪಗಳು ಸವದತ್ತಿಯ ಎಲ್ಲಮ್ಮನಿಗೆ ಮುಡಿಪಾದವರು. ಹುಟ್ಟಿನಿಂದ ಗಂಡು, ಉಡುಗೆಯಿಂದಲೂ ಮನಸ್ಸಿನಿಂದಲೂ ಹೆಣ್ಣು. ಚೌಡಿಕೆ ಹಿಡಿದು ಅಮ್ಮನ ಪದ ಹಾಡುವವರು. 1982ರಲ್ಲಿ ಕರ್ನಾಟಕದ ವಿಧಾನಮಂಡಲ ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾಯಿದೆಯ ನೆರಳಿನಲ್ಲಿಯೇ ಅವರ ಬದುಕೂ ನಡೆದಿದೆ. ಒಂದು ಕಡೆ ರಾಗಾಲಾಪನೆ, ಇನ್ನೊಂದು ಕಡೆ ಚೌಡಿಕೆಯ ಟಂಕಾರ: ಕಿವಿಗೆ ಎಲ್ಲವೂ ಹೊಂದಿತೇ ಎಂದು ರಸಿಕರು ಚರ್ಚಿಸಲಿ. ನನ್ನ ಸಂಶಯ ಬೇರೆ. ಇಲ್ಲಿ ಕರೆಯುವವರು ಯಾರು, ಕರೆಸಿಕೊಳ್ಳುವವರು ಯಾರು ಎಂಬುದು ಇನ್ನೂ ಹಳೆಯ ಕ್ರಮದಲ್ಲಿಯೇ ಇದೆ. ನಾಗರತ್ನಮ್ಮನವರನ್ನು ಯಾರೂ ಕರೆದಿರಲಿಲ್ಲ. ಮಂತ್ರಿಗಳು ಮೆಟ್ಟಿಲು ಬಿಟ್ಟುಕೊಟ್ಟಿರಲಿಲ್ಲ. ಈ ಮಾತನ್ನು ಕೃಷ್ಣ ಅವರ ಮೇಲಿನ ಆಕ್ಷೇಪಣೆಯಾಗಿ ಆಡುತ್ತಿಲ್ಲ. ಕರೆಯದೆ ಸುಮ್ಮನಿರುವ ನೂರು ಜನರಿಗಿಂತ ಕರೆದವರು ದೊಡ್ಡವರು.

ನಾಗರತ್ನಮ್ಮನವರು 1949ರಲ್ಲಿ ಉಯಿಲು ಬರೆದು ತಮ್ಮ ಸ್ವತ್ತನ್ನು ತ್ಯಾಗರಾಜರ ಸಮಾಧಿಯ ಸೇವೆಗೆ ಬಿಟ್ಟರು. 1952ರ ಮೇ ತಿಂಗಳಿನಲ್ಲಿ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಹತ್ತಿರದಲ್ಲಿಯೇ ಆಕೆಯ ಸಮಾಧಿಯೂ ಆಗಿದೆ. ಅಲ್ಲಿ ಆಕೆಯ ವಿಗ್ರಹ ತ್ಯಾಗರಾಜರ ಗುಡಿಗೆ ಮುಖ ಮಾಡಿ ಕುಳಿತಿದೆ. ಪ್ರತಿವರ್ಷವೂ ಪಂಚಮಿಯ ಬೆಳಿಗ್ಗೆ ಗಂಡಸರೂ ಹೆಂಗಸರೂ ಸಾಲುಸಾಲಾಗಿ ಕುಳಿತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಆರಾಧನೆ ಮೊದಲಾಗುವುದು ನಾಗಸ್ವರದಿಂದ.

ಈ ಸಂಗತಿಗಳನ್ನೆಲ್ಲ ಮುಂದಿನ ವಾರ ತರಗತಿಯಲ್ಲಿ ಹೇಳಿದೆನು. ಪೀಣ್ಯದ ಹುಡುಗ ಕೇಳಿದನು, ಏನೂ ಆಡಲಿಲ್ಲ. ಎರಡು ದಿನ ಕಳೆದು ಹಳೆಯ ಪಂಚೆಯಲ್ಲಿ ಸುತ್ತಿದ್ದ ತಾತನ ನಾಗಸ್ವರವನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಮರ ಕಪ್ಪಾಗಿ ನುಣುಪಾಗಿದ್ದಿತು; ಬಾಯಿಗಿಡುವ ಪೀಪಿ ಒಣಗಿ ಸೀಳಿಹೋಗಿದ್ದಿತು. ತರಗತಿಯಲ್ಲಿದ್ದ ಅರುವತ್ತು ಜನರಲ್ಲಿ ಯಾರಿಗೂ ಅದನ್ನು ಊದಲು ಬರುತ್ತಿರಲಿಲ್ಲ. ಹೊಸ ಪೀಪಿ ಎಲ್ಲಿ ಸಿಗುತ್ತದೆ ಸಾರ್ ಎಂದು ಅವನು ಕೇಳಿದನು. ಅಲಸೂರಿನ ಗುಡಿಯಲ್ಲಿ ನುಡಿಸುವವರನ್ನು ವಿಚಾರಿಸೋಣವೆಂದು ಹೇಳಿದ್ದೇನೆ. ಬರುವ ಭಾನುವಾರ ಇಬ್ಬರೂ ಹೋಗುವುದೆಂದು ನಿಶ್ಚಯವಾಗಿದೆ.